ಹಲ್ಲಿನ ವೈದ್ಯಕ್ಕೆ ಮಕ್ಕಳನ್ನು ಕಳುಹಿಸುವ ಮುನ್ನ



ವೈದ್ಯ ಪ್ರವೇಶ ಪರೀಕ್ಷೆಯ ಫಲಿತಾಂಶ ಹೊರಬಿದ್ದ ವಾರದಲ್ಲಿ ಶಾಲೆಯ ಜಗಲಿಗೆ ಬರುವ ತಂದೆತಾಯಿಗಳಿಂದ ನಾವು ಒಂದು ಮಾತನ್ನು ತಪ್ಪದೆ ಕೇಳುತ್ತೇವೆ: "ಡಾಕ್ಟರಿಕೆ ಸಿಕ್ಕಲಿಲ್ಲ ಮೇಷ್ಟ್ರೇ, ಹಲ್ಲಿನದ್ದಕ್ಕಾದರೂ ಸೇರಿಸೋಣವೆಂದಿದ್ದೇವೆ." ಈ 'ಆದರೂ' ಎಂಬುದು ನಮ್ಮನ್ನು ನೋಯಿಸುತ್ತದೆ. ಬಯಸಿದ್ದು ದೊರೆಯದವನು ಮುನಿಸಿನಿಂದ ಕೈಗೊಳ್ಳತಕ್ಕ ವಿದ್ಯೆ ಇದಲ್ಲ.

ಬಿ.ಡಿ.ಎಸ್. ಎಂಬ ಈ ಪದವಿಗೆ 4 ವರ್ಷಗಳ ಪಾಠ, ಬಳಿಕ 1 ವರ್ಷದ ಕಡ್ಡಾಯ ಆಸ್ಪತ್ರೆ ಸೇವೆ. ಶವವನ್ನು ಕೊಯ್ದು ಅಂಗರಚನೆಯನ್ನು ಕಲಿಯುವ ಪಾಠವು ಇತರ ವೈದ್ಯರಿಗಿರುವಂತೆಯೇ ಇವರಿಗೂ ಉಂಟು. ಅದರೊಡನೆ ಮೇಣದ ತುಂಡನ್ನು ಕೆತ್ತಿ ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲುಗಳನ್ನು ಯಥಾವತ್ತಾಗಿ ರೂಪಿಸುವ ಅಭ್ಯಾಸವೂ ಇದೆ. ಆಮೇಲೆ ಕೃತಕ ದವಡೆಯಲ್ಲಿ ಕೊರೆದು ತುಂಬಿ ಕೈ ಪಳಗಿಸಬೇಕು. ಮೂರನೆಯ ವರ್ಷದಿಂದ ರೋಗಿಯ ಬಾಯಿ. ಪುಸ್ತಕವನ್ನು ಕಂಠಪಾಠ ಮಾಡಿದವನೂ ಕೈ ನಡುಗಿದರೆ ಇಲ್ಲಿ ನಿಲ್ಲಲಾರನು. ನಮ್ಮೂರ ಬಡಗಿಯ ಮಗನೋ ಅಕ್ಕಸಾಲಿಗನ ಮಗಳೋ ಈ ಮೇಣದ ಪಾಠದಲ್ಲಿ ಪಟ್ಟಣದ ಮಕ್ಕಳನ್ನು ಹಿಂದೆ ಹಾಕಿಯಾರೆಂದು ನಮ್ಮ ಎಣಿಕೆ.

ಅಮೆರಿಕೆಯಲ್ಲಿ ಕಲಿತು ಬಂದ ಡಾ. ರಫಿಯುದ್ದೀನ್ ಅಹಮದರು 1920ರಲ್ಲಿ ಕಲಕತ್ತೆಯಲ್ಲಿ ಈ ದೇಶದ ಮೊದಲ ದಂತವೈದ್ಯ ಕಾಲೇಜನ್ನು ತೆರೆದರು. ಬೆಂಗಳೂರಿನ ಸರಕಾರಿ ಕಾಲೇಜು 1958ರದು, ಮಣಿಪಾಲದ್ದು 1965ರದು. ಆದರೂ ಹಳ್ಳಿಯವನಿಗೆ ಇಂದಿಗೂ ಹಲ್ಲುನೋವೆಂದರೆ ಲವಂಗ. ಅದಕ್ಕೂ ಜಗ್ಗದಿದ್ದರೆ ಸಂತೆಯಲ್ಲಿ ಕೂತು ಹಲ್ಲು ಕೀಳುವವನು.

ಎಲೆ, ಅಡಿಕೆ, ಹೊಗೆಸೊಪ್ಪು ನಮ್ಮ ಮನೆಗಳಲ್ಲಿ ಮರ್ಯಾದೆಯ ವಸ್ತುಗಳು. ಅಡಿಕೆಯು ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿತು. ಅಡಿಕೆ ತೋಟವನ್ನೇ ನಂಬಿದವರಿಗೆ ಇದು ಕಹಿಯಾದ ಮಾತೆಂಬುದನ್ನು ನಾವು ಬಲ್ಲೆವು. ಅಗಿಯುವವನಿಗೆ ಮೊದಲು ಖಾರ ಉರಿಯುತ್ತದೆ, ಕೆನ್ನೆಯ ಒಳಪದರು ಬಿಳಿಚಿ ಬಿಗಿಯುತ್ತದೆ, ದಿನೇ ದಿನೇ ಬಾಯಿ ಕಿರಿದಾಗುತ್ತದೆ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೂರನೆಯ ವರ್ಷದ ರಜೆಗೆ ಬಂದಾಗ ಇದೇ ಜಗಲಿಯಲ್ಲಿ ಟಾರ್ಚು ಹಿಡಿದು ಹಿರಿಯರ ಬಾಯಿಗಳನ್ನು ನೋಡಿದಳು. ಒಬ್ಬರ ಬಾಯೊಳಗೆ ಎರಡು ಬೆರಳು ಸಹ ಹೋಗಲಿಲ್ಲ. "ವಯಸ್ಸಾಯಿತಲ್ಲ ಮಗಳೇ" ಎಂದು ಅವರು ನಕ್ಕರು, ಹುಡುಗಿ ನಗಲಿಲ್ಲ. ಮರುದಿನವೇ ಅವರನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಕಾಲೇಜಿನ ಪಾಠವೆಲ್ಲ ಆಂಗ್ಲಭಾಷೆಯಲ್ಲಿ. ಆದರೆ ಜುಮ್ಮೆನ್ನುತ್ತದೆ, ಸಿಡಿಯುತ್ತದೆ, ಒಸಡು ಬಾತಿದೆ ಎಂಬ ಮಾತುಗಳ ನಡುವಣ ಭೇದವನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಈಗ ಪ್ರವೇಶದ ವಿಚಾರ. ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 360 ಜೀವಶಾಸ್ತ್ರಕ್ಕೆ. ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಉಂಟು. ಆದರೆ ಅದು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ ಮಾತ್ರವೆಂಬ ನಿಯಮವನ್ನು ನಮ್ಮವರಲ್ಲಿ ಎಷ್ಟೋ ಜನರು ಅರಿಯರು. ಅರ್ಜಿ ತುಂಬುವಾಗ ಭಾಷೆಯನ್ನೂ ಕೇಂದ್ರದ ಊರನ್ನೂ ಕೂಡಿಸಿ ನೋಡತಕ್ಕದ್ದು. ಕರ್ನಾಟಕದ ಸೀಟುಗಳ ನಿಯಮಾವಳಿಯಲ್ಲಿ ಗಡಿನಾಡ ಕನ್ನಡಿಗರು, ಹೊರನಾಡ ಕನ್ನಡಿಗರು ಎಂಬ ಪ್ರತ್ಯೇಕ ವರ್ಗಗಳಿವೆ. ಅಕ್ಕಲಕೋಟೆಯವನಿಗೂ ಹೊಸೂರಿನವನಿಗೂ ಒಂದೇ ನಿಯಮವೆಂದು ತಿಳಿಯಬಾರದು. ಆಯಾ ವರ್ಷದ ಪ್ರಕಟಣೆಯನ್ನು ಓದಬೇಕು, ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು.

ಇನ್ನೊಂದು ಮಾತನ್ನು ಮುಚ್ಚಿಡಲಾರೆವು. ಪದವಿ ಪಡೆದೊಡನೆ ಹಣದ ಹೊಳೆ ಹರಿಯುವುದಿಲ್ಲ. ಮೊದಲ ವರ್ಷಗಳಲ್ಲಿ ಹಿರಿಯ ವೈದ್ಯರ ಕೈಕೆಳಗೆ ಅಲ್ಪ ಸಂಬಳ. ಸರಕಾರಿ ಹುದ್ದೆಗಳು ವಿರಳ. ಸ್ವಂತ ಚಿಕಿತ್ಸಾಲಯಕ್ಕೆ ಕುರ್ಚಿ, ಕೊರೆಯುವ ಯಂತ್ರ, ಕ್ಷಕಿರಣ ಯಂತ್ರಗಳ ಖರ್ಚು. ಖಾಸಗಿ ಕಾಲೇಜಿನ ಶುಲ್ಕಕ್ಕಾಗಿ ದಲ್ಲಾಳಿಯ ಮಾತನ್ನು ನಂಬಿ ಹೊಲ ಮಾರಿದ ಒಂದು ಕುಟುಂಬವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಸರಕಾರಿ ಸೀಟು ಸಿಗದಿದ್ದರೆ ಇನ್ನೊಂದು ವರ್ಷ ಓದಿಸಿರಿ, ಹೊಲವು ಇರಲಿ.

ಮಗುವಿಗೆ ಈ ವಿದ್ಯೆಯಲ್ಲಿ ಮನಸ್ಸಿದ್ದಲ್ಲಿ, ಕನ್ನಡದಲ್ಲಿ ಓದಿದ ವರ್ಷಗಳ ವ್ಯಾಸಂಗ ಪ್ರಮಾಣಪತ್ರವನ್ನೂ ವಾಸದ ದಾಖಲೆಯನ್ನೂ ಈಗಿನಿಂದಲೇ ಒಟ್ಟುಮಾಡಿರಿ. ಶನಿವಾರ ಮಧ್ಯಾಹ್ನ ಶಾಲೆಗೆ ಬಂದವರಿಗೆ ಹಳೆಯ ದಾಖಲಾತಿ ಪುಸ್ತಕಗಳನ್ನು ತೆಗೆದು ನಾವೇ ಬರೆದು ಕೊಡುತ್ತೇವೆ.