ಪ್ರವಾಸದ ಬಸ್ಸು ಯಲ್ಲಾಪುರದಲ್ಲಿ ಒಂದು ದಿನ ನಿಲ್ಲಲಿ



ಅಡಿಕೆ ಮಾರಿ ಕೈಗೆ ನಾಲ್ಕು ಕಾಸು ಬಂದೊಡನೆ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ನಮ್ಮ ಬೆಳೆಗಾರರಲ್ಲಿ ಗೋವಾ ಪ್ರವಾಸದ ಮಾತು ಏಳುತ್ತದೆ. ಬಯಲುಸೀಮೆಯವರಿಗೆ ಸಮುದ್ರದ ಆಸೆ ಸಹಜ. ಹಳೇ ಗೋವಾದ ಚರ್ಚುಗಳು, ಕಡಲ ತೀರ, ಬರುವಾಗ ಕಾರವಾರ, ಗೋಕರ್ಣ, ಇದಕ್ಕೆ ನಮ್ಮ ಆಕ್ಷೇಪವೇನೂ ಇಲ್ಲ. ಆದರೆ ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಯುವ ದಾರಿಯಲ್ಲಿ ಯಲ್ಲಾಪುರವಿದೆ. ಚಹಾ ಕುಡಿದು ಹೊರಟುಬಿಡುವ ಬದಲು ಅಲ್ಲಿ ಒಂದು ದಿನ ತಂಗಬೇಕೆಂಬುದು ನಮ್ಮ ಅಭಿಪ್ರಾಯ.

ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಸೀಮೆಯ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಇವರ ಪೂರ್ವಿಕರು ಆಫ್ರಿಕದವರು. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರು ಮೊಜಾಂಬಿಕ್ ಮುಂತಾದ ಕಡೆಗಳಿಂದ ಗುಲಾಮರನ್ನು ಹಡಗಿನಲ್ಲಿ ತಂದರು. ಅವರಲ್ಲಿ ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಕಾಡು ಸೇರಿದರು. ಇವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ. ಕನ್ನಡವನ್ನೂ ಕೊಂಕಣಿಯನ್ನೂ ಆಡುತ್ತಾರೆ. ಬೆಟ್ಟದಿಂದ ಸೊಪ್ಪು ಹೊತ್ತು, ಬುಡ ಅಗೆದು, ಕೊನೆ ಇಳಿಸಿ ಆ ಸೀಮೆಯ ಅಡಿಕೆ ತೋಟಗಳನ್ನು ಉಳಿಸಿದ ಕೈಗಳಲ್ಲಿ ಇವರ ಕೈಗಳೂ ಸೇರಿವೆ.

ಇದೇ ಪೋರ್ಚುಗೀಸರು ಕಟ್ಟಿದ ಇನ್ನೊಂದು ಕಡಲ ಪಟ್ಟಣ ಬ್ರೆಜಿಲಿನ ಸಾಲ್ವಡಾರ್. 1549ರಿಂದ 1763ರವರೆಗೆ ಅದೇ ಅಲ್ಲಿಯ ರಾಜಧಾನಿ. ಗೋವಾದ ಸರಕು ತುಂಬಿ ಲಿಸ್ಬನ್ನಿಗೆ ಮರಳುವ ಹಡಗುಗಳಲ್ಲಿ ಕೆಲವು ಅಲ್ಲಿ ತಂಗುತ್ತಿದ್ದವು. ಬ್ರೆಜಿಲಿನಲ್ಲಿ ಗುಲಾಮಗಿರಿ ಕೊನೆಗಂಡದ್ದು 1888ರಲ್ಲಿ. ಯಾವ ದೇಶದ ಫಸಲಿನ ಸುದ್ದಿ ಕೇಳಿ ನಮ್ಮ ಕಾಫಿ ಬೆಳೆಗಾರರು ಧಾರಣೆಯನ್ನು ಅಂದಾಜು ಮಾಡುತ್ತಾರೋ ಆ ದೇಶದ ಕಾಫಿ ತೋಟಗಳು ಎದ್ದದ್ದು ಗುಲಾಮರ ಬೆವರಿನಿಂದ.

ಸಾಲ್ವಡಾರಿನ ಹಳೇ ಪೇಟೆಯ ಹೆಸರು ಪೆಲೊರಿನ್ಯೊ. ಅಂದರೆ ಜನರನ್ನು ಕಟ್ಟಿ ಹೊಡೆಯುತ್ತಿದ್ದ ಕಂಬ. 1985ರಲ್ಲಿ ಆ ಪೇಟೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. 1890ರ ದಂಡ ಸಂಹಿತೆ ನಿಷೇಧಿಸಿದ್ದ ಕಪೊಯೆರಾ ಆಟಕ್ಕೆ 2014ರಲ್ಲಿ ಯುನೆಸ್ಕೊ ಮನ್ನಣೆ ದೊರೆಯಿತು. ಬಿಳಿ ಉಡುಪಿನ ಹೆಂಗಸರು ಬೀದಿಬದಿಯಲ್ಲಿ ತಾಳೆ ಎಣ್ಣೆಯಲ್ಲಿ ಕರಿದು ಮಾರುವ ಅಕರಜೆ ನಮ್ಮ ಅಲಸಂದೆ ವಡೆಯ ನೆಂಟನೇ ಸರಿ. 1949ರಲ್ಲಿ ಅಲ್ಲಿಯ ಬಂದರು ಕೂಲಿಗಾರರು ಕಟ್ಟಿದ ಉತ್ಸವ ಮೇಳಕ್ಕೆ ‘ಗಾಂಧಿಯ ಮಕ್ಕಳು’ ಎಂದೇ ಹೆಸರು. ಸಮುದ್ರ ನೋಡಲು ಬಂದವರೂ ಈ ಜನರನ್ನು ಕಾಣದೆ ಹಿಂದಿರುಗುವುದಿಲ್ಲ.

ನಮ್ಮಲ್ಲಿ? ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದೇ 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಅನೇಕರು ಈ ಜನರ ಹೆಸರನ್ನು ಮೊದಲ ಬಾರಿಗೆ ಕೇಳಿದರು.

“ನಾವು ಹೋಗುವುದು ಬೆಳೆ ನೋಡಲು, ಜನಾಂಗ ನೋಡಲು ಅಲ್ಲ” ಎಂದು ಕೆಲವರು ಹೇಳಬಹುದು. ಗೊಬ್ಬರದ ಲೆಕ್ಕ ಕೇಳುವ ನಾವು ಗೊಬ್ಬರ ಹೊತ್ತವರ ಲೆಕ್ಕ ಕೇಳದಿದ್ದರೆ ಆ ಅಧ್ಯಯನ ಅರ್ಧವೇ. ಮೊಳಕಾಲ್ಮೂರಿನ ರೇಷ್ಮೆ ಸೀರೆ ಕೊಂಡವರು ನೇಕಾರನ ಮಗ್ಗದತ್ತ ತಿರುಗಿಯೂ ನೋಡದೆ ಹೋದರೆ ನಮಗೆ ಏನನ್ನಿಸುತ್ತದೆ?

ಆದರೆ ಮೃಗಾಲಯಕ್ಕೆ ಹೋದಂತೆ ಹೋಗಬಾರದು. ಕೂದಲು ಮುಟ್ಟಿ ನೋಡುವುದು, ಕೇಳದೆ ಫೋಟೋ ತೆಗೆಯುವುದು, ಬಸ್ಸಿಳಿದೊಡನೆ ಕುಣಿಯಿರೆನ್ನುವುದು ಅತಿಥಿಗಳ ಲಕ್ಷಣವಲ್ಲ. ಮೊದಲೇ ತಿಳಿಸಿ, ಅವರು ಒಪ್ಪಿದರೆ ಹೋಗೋಣ. ಡಮಾಮಿ ನೃತ್ಯ ನೋಡಿದರೆ ಸಂಭಾವನೆ ಕೊಡೋಣ. ಸಿದ್ದಿ ಹೆಂಗಸರು ಹಳೆಯ ಬಟ್ಟೆಯಿಂದ ಹೊಲಿಯುವ ಕೌದಿಗಳನ್ನು ಚೌಕಾಶಿ ಮಾಡದೆ ಕೊಳ್ಳೋಣ. ಅವರೊಡನೆ ಕುಳಿತು ಉಣ್ಣೋಣ. ಕೂಲಿ, ಜಮೀನು, ಮಕ್ಕಳ ಓದಿನ ವಿಷಯ ಅವರ ಬಾಯಿಂದಲೇ ಕೇಳೋಣ.

ಹಿಂದಿರುಗಿದ ಮೇಲೆ ನಮ್ಮ ತೋಟಗಳತ್ತಲೂ ನೋಡಬೇಕು. ಕೊನೆ ತೆಗೆಯುವವನು ಮರದಿಂದ ಬಿದ್ದರೆ ಅವನ ಮನೆಗೆ ಗತಿಯೇನು? ಎಷ್ಟು ತೋಟಗಳಲ್ಲಿ ಅವನ ಹೆಸರಿನ ವಿಮೆ ಇದೆ? ಕೂಲಿ ಪುಸ್ತಕದಲ್ಲಿ ಅವನ ಪೂರ್ತಿ ಹೆಸರಾದರೂ ಇದೆಯೇ? ಸಹಕಾರ ಎಂಬ ಮಾತು ಷೇರುದಾರರ ಗೇಟಿನೊಳಗೇ ಮುಗಿಯಬಾರದು.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಪ್ರವಾಸದ ವಿಷಯ ಬಂದಾಗ ಯಲ್ಲಾಪುರದ ಒಂದು ದಿನವನ್ನೂ, ಕೊನೆಗಾರರ ವಿಮೆಯನ್ನೂ ಒಟ್ಟಿಗೇ ಚರ್ಚೆಗೆ ತೆಗೆದುಕೊಳ್ಳಬೇಕೆಂದು ಸದಸ್ಯರಲ್ಲಿ ವಿನಂತಿಸುತ್ತೇವೆ.

– ಕಾರ್ಯದರ್ಶಿ