ನೋಡುವ ಕೀಲಿಯೋ, ಮಾರುವ ಕೀಲಿಯೋ?

ಎಐ ಏಜೆಂಟ್‌ಗೆ ಷೇರು ಖಾತೆ ಜೋಡಿಸುವ ತಂತ್ರಾಂಶವೊಂದಕ್ಕೆ ಮುಂಬೈನಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಇದು ನಿಂತಿರುವುದು 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಹೊರತಂದ ಎಂಸಿಪಿ ಎಂಬ ಮುಕ್ತ ಮಾನದಂಡದ ಮೇಲೆ. ಬೆಂಗಳೂರಿನ ಝೀರೋಧಾ 2025ರಲ್ಲಿ ಇದನ್ನು ತನ್ನ ಕೈಟ್‌ಗೆ ತಂದಾಗ ಏಜೆಂಟ್‌ಗೆ ಖಾತೆ ನೋಡಲಷ್ಟೇ ಬಿಟ್ಟಿತು, ಆರ್ಡರ್ ಹಾಕಲು ಬಿಡಲಿಲ್ಲ.

ಆ ಎಚ್ಚರ ಸರಿಯಾದದ್ದೇ. ಇಲ್ಲಿ ಪ್ರತಿ ಟೂಲ್‌ನ ವಿವರಣೆಯನ್ನು ಗ್ರಾಹಕ ಓದದಿದ್ದರೂ ಏಜೆಂಟ್ ಓದುತ್ತದೆ. ಯಾವುದನ್ನು ಯಾವಾಗ ಬಳಸಬೇಕೆಂದು ಅದರಿಂದಲೇ ತೀರ್ಮಾನಿಸುತ್ತದೆ. ನನ್ನ ಮೊದಲ ಕರಡಿನಲ್ಲಿ ‘ಖಾತೆ ನಿರ್ವಹಣೆ’ ಎಂದಿತ್ತು. ಷೇರು ತೋರಿಸುವುದೂ ನಿರ್ವಹಣೆ, ಮಾರುವುದೂ ನಿರ್ವಹಣೆ! ಅದನ್ನು ಎರಡಾಗಿ ಒಡೆದೆ. ಆದರೆ ಬರಹ ಬೇರೆಯಾದರೆ ಸಾಲದು, ಅನುಮತಿಯೂ ಬೇರೆಯಾಗಬೇಕು.

ಚಿಲ್ಲರೆ ಹೂಡಿಕೆದಾರರ ಆಲ್ಗೊ ವಹಿವಾಟಿನ ಬಗ್ಗೆ ಸೆಬಿ 2025ರ ಫೆಬ್ರುವರಿ 4ರಂದು ಸುತ್ತೋಲೆ ಹೊರಡಿಸಿತು. ಎರಡು ಹಂತದ ದೃಢೀಕರಣ, ಆಲ್ಗೊ ಆರ್ಡರ್‌ಗೆ ಗುರುತಿನ ಸಂಖ್ಯೆ ಅದರಲ್ಲಿವೆ. ಆರ್ಡರ್ ಎಲ್ಲಿಂದ ಬಂತೆಂದು ಅವು ಹೇಳಬಲ್ಲವು. ಏಜೆಂಟ್ ನಿಮ್ಮ ಮಾತನ್ನು ಸರಿಯಾಗಿ ಅರ್ಥ ಮಾಡಿಕೊಂಡಿತೇ ಎಂದು ಹೇಳಲಾರವು.

ಪರ ಊರಿನಲ್ಲಿ ದುಡಿದು ಉಳಿಸಿದ ಹಣವಿದು. ಕೊಡುತ್ತಿರುವುದು ನೋಡುವ ಕೀಲಿಯೋ, ಮಾರುವ ಕೀಲಿಯೋ ಎಂಬುದು ಕೈಪಿಡಿಯ ಮೊದಲ ಪುಟದಲ್ಲೇ ಸಿಗದಿದ್ದರೆ, ಅನುಮತಿಯ ಗುಂಡಿ ಒತ್ತಬೇಡಿ.