ನಲವತ್ತರ ಅನಂತರ ಮತ್ತೆ ಕಣಕ್ಕೆ

ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ತಾರುಣ್ಯದಲ್ಲಿ ಕ್ರೀಡಾಪಟುಗಳಾಗಿದ್ದವರು ಕಡಮೆಯೇನಿಲ್ಲ. ಊರಿನ ಕೆರೆಬಾವಿಗಳಲ್ಲಿ ಈಜು ಕಲಿತವರು, ಮೈಲಿಗಟ್ಟಲೆ ಸೈಕಲ್ ತುಳಿದು ಪ್ರೌಢಶಾಲೆಗೆ ಹೋದವರು, ಅಂತರಕಾಲೇಜು ಓಟಗಳಲ್ಲಿ ಪದಕ ಗಳಿಸಿದವರು ಉದ್ಯೋಗವನ್ನರಸಿ ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಿಗೆ ಬಂದರು. ನೌಕರಿ, ಸಂಸಾರ, ಲೋಕಲ್ ರೈಲಿನ ನೂಕುನುಗ್ಗಲುಗಳ ನಡುವೆ ಹದಿನೈದಿಪ್ಪತ್ತು ವರ್ಷಗಳು ಸರಿದುಹೋದವು. ಮಕ್ಕಳು ದೊಡ್ಡವರಾಗಿ ತುಸು ಬಿಡುವು ದೊರೆತೊಡನೆ ಅವರಲ್ಲಿ ಕೆಲವರು ಮತ್ತೆ ಕಣಕ್ಕಿಳಿಯಲು ಹವಣಿಸುತ್ತಾರೆ. ಹೀಗೆ ಮರಳುವವರನ್ನು ಸೆಳೆಯುತ್ತಿರುವ ಸ್ಪರ್ಧೆಗಳಲ್ಲಿ ಟ್ರಯಾಥ್ಲಾನ್ ಒಂದು. ಈ ಪುನರಾರಂಭ ಸ್ವಾಗತಾರ್ಹವಾದುದೇ. ಆದರೆ ಇಲ್ಲಿ ವಯಸ್ಸಿಗಿಂತಲೂ ದೊಡ್ಡ ಎದುರಾಳಿಯೆಂದರೆ ಇಪ್ಪತ್ತರ ಹರೆಯದ ಸಾಮರ್ಥ್ಯದ ನೆನಪು. ಇದನ್ನು ಮೊದಲೇ ಅರಿತುಕೊಳ್ಳುವುದು ಅವಶ್ಯ.

ಈಜು, ಸೈಕಲ್ ಸವಾರಿ, ಓಟ ಈ ಮೂರನ್ನೂ ನಡುವೆ ವಿಶ್ರಾಂತಿಯಿಲ್ಲದೆ ಒಂದರ ಬೆನ್ನಿಗೊಂದರಂತೆ ಪೂರೈಸುವುದೇ ಟ್ರಯಾಥ್ಲಾನ್. ಅಮೆರಿಕದ ಸ್ಯಾನ್ ಡಿಯೇಗೋ ನಗರದ ಮಿಷನ್ ಬೇ ಎಂಬಲ್ಲಿ 1974ರ ಸೆಪ್ಟೆಂಬರ್ 25ರಂದು ನಡೆದ ಸ್ಪರ್ಧೆಯಿಂದ ಇದರ ಆಧುನಿಕ ಇತಿಹಾಸ ಆರಂಭವಾಗುತ್ತದೆ. 1978ರಲ್ಲಿ ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್ ಸ್ಪರ್ಧೆ ಏರ್ಪಟ್ಟಾಗ ಹೊರಟವರು 15 ಮಂದಿ, ಗುರಿ ಮುಟ್ಟಿದವರು 12 ಮಂದಿ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆಗೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ಒಲಿಂಪಿಕ್ ಪ್ರಮಾಣದ ಸ್ಪರ್ಧೆಯಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ, ಅದರ ಅರ್ಧದಷ್ಟು ದೂರದ್ದಕ್ಕೆ ಸ್ಪ್ರಿಂಟ್ ಎಂದು ಹೆಸರು. ಪೂರ್ಣ ಐರನ್‌ಮ್ಯಾನ್‌ನಲ್ಲಾದರೋ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಕೊನೆಗೆ 42.2 ಕಿ.ಮೀ. ಓಟ. ಅದರ ಅರ್ಧ ದೂರದ ಸ್ಪರ್ಧೆಯು 2019ರಲ್ಲಿ ಗೋವೆಗೂ ಬಂದಿತು.

ನಡುವಯಸ್ಸಿನವರಿಗೆ ಇದು ಸಾಧ್ಯವೇ ಎಂಬ ಪ್ರಶ್ನೆಗೆ ವಿಜ್ಞಾನ ನೀಡುವ ಉತ್ತರ ಆಶಾದಾಯಕವಾಗಿದೆ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆ ಬಿಟ್ಟೇಳದಂತೆ ಇರಿಸಲಾಯಿತು. ಆಮ್ಲಜನಕವನ್ನು ಬಳಸಿಕೊಳ್ಳುವ ಅವರ ದೇಹದ ಗರಿಷ್ಠ ಸಾಮರ್ಥ್ಯ ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ಅನಂತರ ಅದೇ ಐವರನ್ನು ಪುನಃ ಪರೀಕ್ಷಿಸಿದಾಗ, ಮೂವತ್ತು ವರ್ಷಗಳ ವಯೋಭಾರಕ್ಕಿಂತ ಅಂದಿನ ಮೂರು ವಾರಗಳ ಹಾಸಿಗೆವಾಸವೇ ಹೆಚ್ಚು ಹಾನಿ ಮಾಡಿತ್ತೆಂದು ಕಂಡುಬಂದಿತು. ಬಳಿಕ ಸುಮಾರು ಆರು ತಿಂಗಳು ಕ್ರಮಕ್ರಮವಾಗಿ ನಡಿಗೆ, ಓಟ, ಸೈಕಲ್‌ಗಳ ಅಭ್ಯಾಸ ಮಾಡಿಸಿದಾಗ, ವಯಸ್ಸಿನಿಂದ ಕಳೆದುಕೊಂಡಿದ್ದ ಸಾಮರ್ಥ್ಯವನ್ನು ಅವರು ಮರಳಿ ಪಡೆದರು. ಐವರ ಅನುಭವ ಎಲ್ಲರಿಗೂ ಅಳತೆಗೋಲಲ್ಲ, ನಿಜ. ಆದರೂ ನಿಷ್ಕ್ರಿಯತೆಯಿಂದಾದ ನಷ್ಟದಲ್ಲಿ ಬಹುಭಾಗ ತುಂಬಿಬರಬಲ್ಲದು ಎಂಬುದಕ್ಕೆ ಇದೊಂದು ಬಲವಾದ ಆಧಾರ. ಜಪಾನಿನ ಹಿರೋಮು ಇನಾಡಾ ಅವರು 2018ರಲ್ಲಿ ತಮ್ಮ 85ನೆಯ ವಯಸ್ಸಿನಲ್ಲಿ ಹವಾಯಿಯ ಸ್ಪರ್ಧೆಯನ್ನು ಪೂರೈಸಿದ್ದನ್ನೂ ಇಲ್ಲಿ ನೆನೆಯಬಹುದು.

ಈ ಆಶ್ವಾಸನೆಯಲ್ಲಿಯೇ ಅಪಾಯವೂ ಅಡಗಿದೆ. ಅಭ್ಯಾಸ ಮತ್ತೆ ಆರಂಭವಾದೊಡನೆ ಹೃದಯ, ಶ್ವಾಸಕೋಶ, ಸ್ನಾಯುಗಳು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳತೊಡಗುತ್ತವೆ. ಆದರೆ ಸ್ನಾಯುವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳಿಗೆ ರಕ್ತಸಂಚಾರ ಕಡಮೆ. ಅವು ಗಟ್ಟಿಯಾಗಲು ತಿಂಗಳುಗಳೇ ಬೇಕು. ಎಲುಬಿನ ಕಥೆಯೂ ಅದೇ. ಆದುದರಿಂದ ಎರಡನೆಯ ತಿಂಗಳಿನಲ್ಲಿ ಉಸಿರು ಸಲೀಸಾಗಿ, ಹುಮ್ಮಸ್ಸು ಹೆಚ್ಚಿ, ಹಳೆಯ ವೇಗವನ್ನು ಮುಟ್ಟುವ ಬಯಕೆ ಮೂಡುವ ಹೊತ್ತಿಗೆ ಹಿಮ್ಮಡಿ, ಮೊಣಕಾಲು, ಭುಜಗಳು ಇನ್ನೂ ಹಿಂದೆಯೇ ಉಳಿದಿರುತ್ತವೆ. ಎಂದೂ ಓಡದವನು ಅಂಜುತ್ತ ಹೆಜ್ಜೆಯಿಡುತ್ತಾನೆ. ಒಮ್ಮೆ ಗೆದ್ದವನಿಗೆ ಆ ಅಂಜಿಕೆಯಿರುವುದಿಲ್ಲ. ಗಡಿಯಾರ ಹಿಡಿದು ಹಳೆಯ ದಾಖಲೆಯನ್ನು ಬೆನ್ನಟ್ಟುತ್ತಾನೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಈ ಪಟುವಿಗೆ ಹೊಂದುವಷ್ಟು ಇನ್ನಾರಿಗೂ ಹೊಂದದು.

ವಿವೇಕದಿಂದ ನಡೆದುಕೊಂಡರೆ ಮರಳಿ ಬರುವವರಿಗೆ ಕೇವಲ ಓಟಕ್ಕಿಂತ ಟ್ರಯಾಥ್ಲಾನ್ ಅಭ್ಯಾಸವೇ ಮೇಲು ಎನ್ನಬೇಕು. ಈಜಿನಲ್ಲೂ ಸೈಕಲ್ ತುಳಿಯುವಲ್ಲೂ ಪಾದಕ್ಕೆ ನೆಲದ ಹೊಡೆತವಿಲ್ಲ. ಹೃದಯಕ್ಕೆ ಕೆಲಸ ಕೊಡುತ್ತಲೇ ಕಾಲುಗಳಿಗೆ ಬಿಡುವು ನೀಡಬಹುದು. ಮೊದಲ ಮೂರು ತಿಂಗಳು ವಾರಕ್ಕೆರಡು ದಿನ ಈಜು, ಎರಡು ದಿನ ಸೈಕಲ್, ಎರಡು ದಿನ ನಡಿಗೆ ಬೆರೆತ ಓಟ, ಒಂದು ದಿನ ಪೂರ್ಣ ವಿಶ್ರಾಂತಿ ಸಾಕು. ಓಟವೆಂದರೆ ನಾಲ್ಕು ನಿಮಿಷ ನಡೆದು ಒಂದು ನಿಮಿಷ ಓಡುವುದು. ಇದನ್ನೇ ಐದಾರು ಸಲ ಆವರ್ತಿಸಿ, ವಾರವಾರ ಓಟದ ಪಾಲನ್ನು ತುಸುವೇ ಹೆಚ್ಚಿಸುವುದು. ಜೊತೆಗಾರನೊಡನೆ ಮಾತನಾಡಲಾಗದಷ್ಟು ಉಸಿರು ಕಟ್ಟಿದರೆ ವೇಗ ಮಿತಿಮೀರಿದೆಯೆಂದೇ ಅರ್ಥ. ಮರುದಿನ ಬೆಳಿಗ್ಗೆ ಹಿಮ್ಮಡಿ ಬಿಗಿದು ನೊಂದರೆ ಹಿಂದಿನ ದಿನದ ಓಟ ಹೆಚ್ಚಾಯಿತೆಂದು ತಿಳಿಯಬೇಕು. ಗರಡಿಮನೆಯ ಬಸ್ಕಿಯನ್ನೂ ತುದಿಗಾಲಲ್ಲಿ ಎದ್ದಿಳಿಯುವ ವ್ಯಾಯಾಮವನ್ನೂ ವಾರಕ್ಕೆರಡು ಬಾರಿ ಮಾಡಿದರೆ ಕಾಲಿನ ರಜ್ಜುಗಳು ಬಲಗೊಳ್ಳುತ್ತವೆ.

ಇವೆಲ್ಲಕ್ಕೂ ಮೊದಲು ಆಗಬೇಕಾದುದು ಹೃದಯದ ತಪಾಸಣೆ. 52 ದೇಶಗಳನ್ನೊಳಗೊಂಡು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಅಂಕಿಅಂಶಗಳಂತೆ ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತವಾಗುವುದು ಇತರರಿಗಿಂತ ಐದಾರು ವರ್ಷ ಮುಂಚೆ. ಅಮೆರಿಕದ ಟ್ರಯಾಥ್ಲಾನ್‌ಗಳಲ್ಲಿ 1985ರಿಂದ 2016ರವರೆಗೆ ಸಂಭವಿಸಿದ 135 ಸಾವು ಹಾಗೂ ಹೃದಯಸ್ತಂಭನದ ಪ್ರಕರಣಗಳನ್ನು ಪರಿಶೀಲಿಸಿದಾಗ, ಅವುಗಳಲ್ಲಿ 90 ಈಜಿನಲ್ಲಿಯೇ ಆಗಿದ್ದವು. ಹೆಚ್ಚಿನವರು ಪುರುಷರು, ಸರಾಸರಿ ವಯಸ್ಸು 47ರ ಆಸುಪಾಸು. ಹಿಂದೆ ಕ್ರೀಡಾಪಟುವಾಗಿದ್ದುದು ಇಂದಿನ ಹೃದಯಕ್ಕೆ ರಕ್ಷೆಯಲ್ಲ. ರಕ್ತದ ಒತ್ತಡ, ಸಕ್ಕರೆ, ಕೊಲೆಸ್ಟರಾಲ್, ಇ.ಸಿ.ಜಿ.; ವೈದ್ಯರು ಸೂಚಿಸಿದರೆ ಟ್ರೆಡ್‌ಮಿಲ್ ಪರೀಕ್ಷೆ ಇವನ್ನು ಮುಗಿಸಿಯೇ ಅಭ್ಯಾಸಕ್ಕೆ ತೊಡಗಬೇಕು. ಮನೆತನದಲ್ಲಿ ಹೃದ್ರೋಗವಿದ್ದರೆ ವೈದ್ಯರಿಂದ ಅದನ್ನು ಮರೆಮಾಚಬಾರದು. ಬಾವಿಯಲ್ಲಿ ಧುಮುಕಿ ಈಜಿದ ಧೈರ್ಯ ಸಮುದ್ರದ ಅಲೆಗಳ ನಡುವೆ ಸಾಲದು. ತೆರೆದ ನೀರಿನ ಅಭ್ಯಾಸವನ್ನು ಎಂದೂ ಒಂಟಿಯಾಗಿ ಮಾಡಲಾಗದು. ಎದೆನೋವು, ತಲೆಸುತ್ತು, ಎಂದಿಲ್ಲದ ಏದುಸಿರು ಕಂಡರೆ ಅಲ್ಲಿಯೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ನಗರಜೀವನದ ಲೆಕ್ಕವೂ ಇದೆ. ಮುಂಬಯಿ, ಚೆನ್ನೈಗಳ ತೇವಭರಿತ ಸೆಕೆಯಲ್ಲಿ ಬೆವರು ಆರದೆ ಮೈಯ ತಾಪ ಬೇಗನೆ ಏರುತ್ತದೆ. ಅದಕ್ಕೆ ಒಗ್ಗಿಕೊಳ್ಳಲು ದೇಹಕ್ಕೆ ಎರಡು ವಾರಗಳಾದರೂ ಬೇಕು. ದೀರ್ಘ ಅಭ್ಯಾಸದಲ್ಲಿ ಬರಿಯ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಕುಸಿದು ಪ್ರಾಣಕ್ಕೆ ಕುತ್ತಾದೀತು. ಬಾಯಾರಿಕೆಯನ್ನನುಸರಿಸಿ ಕುಡಿಯುವುದೂ, ಉಪ್ಪು ಬೆರೆಸಿದ ಮಜ್ಜಿಗೆಯೂ ಲೇಸು. ದೆಹಲಿಯ ಚಳಿಗಾಲದಲ್ಲಿ ಹೊಗೆ ಕವಿದ ದಿನ ಮನೆಯೊಳಗಿನ ವ್ಯಾಯಾಮವೇ ಉಚಿತ. ದಿನಕ್ಕೆರಡು ಮೂರು ಗಂಟೆ ಪ್ರಯಾಣದಲ್ಲೇ ಕಳೆಯುವವನು ಅಭ್ಯಾಸದ ಸಮಯವನ್ನು ನಿದ್ರೆಯಿಂದ ಕದ್ದರೆ ಗಾಯಕ್ಕೆ ಆಹ್ವಾನವಿತ್ತಂತೆ. ರವಿವಾರದ ಮುಂಜಾವುಗಳೆಲ್ಲ ಸೈಕಲ್ಲಿಗೆ ಮೀಸಲಾದರೆ ಮನೆಯವರ ಪಾಲಿಗೆ ಉಳಿಯುವುದೇನು ಎಂಬುದನ್ನೂ ಮೊದಲೇ ಕುಳಿತು ಮಾತನಾಡಿಕೊಳ್ಳಬೇಕು.

ಆದುದರಿಂದ ಮರಳಿ ಬರುವವರ ಮೊದಲ ವರ್ಷದ ಗುರಿ ಸ್ಪ್ರಿಂಟ್ ದೂರಕ್ಕೆ ಮೀರಬಾರದು. ಐರನ್‌ಮ್ಯಾನ್ ಎಂಬ ಹೆಸರಿನ ಮೋಹ ಕೆಲವು ವರ್ಷ ಕಾಯಲಿ. ವರ್ಷಕ್ಕೊಮ್ಮೆ ಕ್ರೀಡಾಕೂಟ ನಡೆಸಿ ಬಹುಮಾನ ಹಂಚುವ ಕನ್ನಡ ಸಂಘಗಳು, ಹಿರಿಯ ಸದಸ್ಯರಿಗಾಗಿ ವಾರಕ್ಕೊಂದು ಮುಂಜಾನೆಯ ಸಾಮೂಹಿಕ ಅಭ್ಯಾಸವನ್ನೂ ವರ್ಷಕ್ಕೊಂದು ಹೃದಯ ತಪಾಸಣೆಯ ಶಿಬಿರವನ್ನೂ ಏರ್ಪಡಿಸಿದರೆ ಅದು ನಿಜವಾದ ಸೇವೆಯಾದೀತು. ಜೊತೆಗಾರರಿದ್ದಲ್ಲಿ ಉತ್ಸಾಹವೂ ಉಳಿಯುತ್ತದೆ, ಅತಿರೇಕಕ್ಕೆ ಕಡಿವಾಣವೂ ಬೀಳುತ್ತದೆ. ಹಳೆಯ ಪದಕಗಳು ಗೋಡೆಯ ಮೇಲೆ ಶೋಭಿಸಲಿ. ಅಭ್ಯಾಸದ ಲೆಕ್ಕವನ್ನು ಮಾತ್ರ ಹೊಸ ಪುಸ್ತಕದ ಮೊದಲ ಪುಟದಿಂದಲೇ ಬರೆಯತೊಡಗುವುದು ಶ್ರೇಯಸ್ಕರ.